ಸಬ್ಬತ್ ಆಚರಿಸುವ ಅತಿಥಿಗೆ ಬಚ್ಚಲುಮನೆ ಸಿದ್ಧಪಡಿಸುವ ಕ್ರಮ

ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಯೆಹೂದಿಗಳು ಆಚರಿಸುವ ವಿಶ್ರಾಂತಿಯ ದಿನವೇ ಸಬ್ಬತ್. ಆ ದಿನ ವಾಹನ ಹತ್ತುವಂತಿಲ್ಲವಾದ್ದರಿಂದ, ಮುಂಬೈನ ಕಾಲಾಘೋಡಾದಲ್ಲಿರುವ ಕೆನೆಸೆತ್ ಎಲಿಯಾಹೂ ಅಥವಾ ಪುಣೆ ಕ್ಯಾಂಪಿನ ಓಹೆಲ್ ಡೇವಿಡ್ ಸಿನಗಾಗ್‌ಗೆ (ಯೆಹೂದಿ ಪ್ರಾರ್ಥನಾ ಮಂದಿರಕ್ಕೆ) ನಡೆದು ಹೋಗುವಷ್ಟು ಹತ್ತಿರದಲ್ಲಿ ಕೋಣೆ ಹುಡುಕುವ ಯೆಹೂದಿ ಪ್ರವಾಸಿಗರುಂಟು. ಅಂಥವರಿಗೆ ಕೋಣೆ ಕೊಡುವ ನಮ್ಮ ಲಾಡ್ಜ್‌ನವರೂ ಮನೆಯವರೂ ಬಚ್ಚಲುಮನೆಯ ಕೆಲಸವನ್ನೆಲ್ಲ ಶುಕ್ರವಾರದ ಸೂರ್ಯಾಸ್ತಕ್ಕೆ ಮೊದಲೇ ಮುಗಿಸಿಡಬೇಕು. ಮುಂಬೈಯಲ್ಲಿ ಡಿಸೆಂಬರ್ ಆರಂಭದ ಸೂರ್ಯಾಸ್ತ ಸುಮಾರು 6 ಗಂಟೆಗೇ ಆಗುವುದರಿಂದ ಮಧ್ಯಾಹ್ನವೇ ಶುರುಮಾಡುವುದು ಕ್ಷೇಮ.

ಇದನ್ನು ನಮ್ಮ ಮಡಿ-ಮೈಲಿಗೆಯಂತೆ ಭಾವಿಸಿದರೆ ದಾರಿ ತಪ್ಪುತ್ತದೆ. ಸಬ್ಬತ್‌ನಲ್ಲಿ ಸ್ವಚ್ಛತೆಗೆ ನಿಷೇಧವಿಲ್ಲ. ಯೆಹೂದಿಗಳ ಪ್ರಾಚೀನ ಧರ್ಮನಿಯಮ ಸಂಗ್ರಹವಾದ ಮಿಶ್ನಾ ಹೆಸರಿಸುವ 39 ಬಗೆಯ ಕೆಲಸಗಳಿಗೂ ಅವುಗಳಿಂದ ಹುಟ್ಟಿದ ಉಪನಿಯಮಗಳಿಗೂ ನಿಷೇಧವಿದೆ. ಬೇಯಿಸುವುದು, ಹಿಂಡುವುದು, ಕೂದಲು ಕತ್ತರಿಸುವುದು, ಹರಿದುಹಾಕುವುದು, ಸವರಿ ನಯಗೊಳಿಸುವುದು, ಇವೆಲ್ಲ ಬಚ್ಚಲಿನಲ್ಲಿ ನಾವು ಗಮನಿಸದೆಯೇ ಮಾಡುವ ಕೆಲಸಗಳು.

ಹೆಚ್ಚು ಎಚ್ಚರ ಬೇಕಾದದ್ದು ಬಿಸಿನೀರಿನಲ್ಲಿ. ಗೀಸರ್ ಆರಿಸಿದ್ದರೂ ಅದರೊಳಗಿನ ನೀರು ಬಿಸಿಯಾಗಿದ್ದರೆ ನಲ್ಲಿ ತಿರುಗಿಸುವಂತಿಲ್ಲ, ಏಕೆಂದರೆ ಹೊರಬಂದ ನೀರಿನ ಜಾಗಕ್ಕೆ ನುಗ್ಗುವ ತಣ್ಣೀರು ಅಲ್ಲಿ ಕಾಯುತ್ತದೆ, ಅದು ಬೇಯಿಸಿದಂತೆ. ಆದ್ದರಿಂದ ಸೂರ್ಯಾಸ್ತಕ್ಕೆ ಮೊದಲೇ ಮುಚ್ಚಳವಿರುವ ಪಾತ್ರೆಯಲ್ಲೋ ಥರ್ಮಾಸ್‌ನಲ್ಲೋ ಬಿಸಿನೀರು ತುಂಬಿ, ಬಕೆಟ್ಟು ಮಗ್ಗುಗಳ ಜೊತೆಗಿಡಿ. ಆ ನೀರಿನಲ್ಲಿ ಮುಖ, ಕೈ, ಕಾಲು ತೊಳೆಯಬಹುದು. ಪೂರ್ತಿ ಸ್ನಾನ ಮಾತ್ರ ಮುಂಚೆಯೇ ಕಾಯಿಸಿದ ನೀರಿನಲ್ಲೂ ಕೂಡದು. ಹಿಂದೆ ಸ್ನಾನಗೃಹಗಳವರು ಸಬ್ಬತ್‌ನಲ್ಲೇ ನೀರು ಕಾಯಿಸಿ ನಿನ್ನೆಯದೆಂದು ಹೇಳತೊಡಗಿದ್ದರಿಂದ ಈ ನಿರ್ಬಂಧ ಬಂತೆಂದು, ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಕಾರಣ ಕೊಡುತ್ತದೆ. ನಿಯಮ ಮಾಡಿದವರಿಗೆ ವ್ಯಾಪಾರಿಗಳ ಸ್ವಭಾವ ಚೆನ್ನಾಗಿ ತಿಳಿದಿತ್ತು! ತಾರಸಿಯ ಸೌರ ಹೀಟರ್ ನೀರಿನ ಬಗ್ಗೆ ಧರ್ಮಗುರುಗಳಲ್ಲೇ ಭಿನ್ನಮತವಿದೆ. ತೀರ್ಮಾನವನ್ನು ಅತಿಥಿಗೇ ಬಿಡಿ.

ಉಪಚಾರ ಎಡವುವುದೂ ಇಲ್ಲಿಯೇ. ಪಾಪ, ತಣ್ಣೀರಿನಲ್ಲಿ ಮುಖ ತೊಳೆಯುತ್ತಿದ್ದಾರೆಂದು ಶನಿವಾರ ಬೆಳಿಗ್ಗೆ ನೀವೇ ಗೀಸರ್ ಹಾಕಿಕೊಟ್ಟರೆ ಅದು ಅವರ ಉಪಯೋಗಕ್ಕೆ ಬರುವುದಿಲ್ಲ. ಯೆಹೂದ್ಯೇತರರಿಂದ ಆ ಕೆಲಸ ಹೇಳಿ ಮಾಡಿಸುವುದಕ್ಕೂ, ತಮಗಾಗಿಯೇ ಮಾಡಿದ್ದರ ಲಾಭ ಪಡೆಯುವುದಕ್ಕೂ ಸಾಮಾನ್ಯವಾಗಿ ಅನುಮತಿಯಿಲ್ಲ. ಬಚ್ಚಲಿನ ದೀಪವನ್ನು ಶುಕ್ರವಾರವೇ ಹಚ್ಚಿಟ್ಟು, ಯಾರೂ ಆರಿಸದಂತೆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ. ಚಲನೆ ಕಂಡು ತಾನಾಗಿ ಹೊತ್ತುವ ದೀಪವಿದ್ದರೆ ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿ.

ಗಟ್ಟಿ ಸೋಪು ಉಜ್ಜುವುದು ಸವರಿ ನಯಗೊಳಿಸಿದಂತಾಗುವುದರಿಂದ ಅದರ ಬದಲು ದ್ರವ ಸೋಪು ಇಡಿ. ಟಾಯ್ಲೆಟ್ ಪೇಪರಿನ ಸುರುಳಿಯನ್ನು ಹರಿಯುವಂತಿಲ್ಲವಾದ್ದರಿಂದ ಬಿಡಿ ಹಾಳೆಗಳ ಡಬ್ಬಿ ಬೇಕು. ಇದೇ ಸವರುವ ಕಾರಣಕ್ಕೆ ಟೂತ್‌ಪೇಸ್ಟನ್ನು ಅನೇಕರು ಬಳಸುವುದಿಲ್ಲ, ಬಾಯಿ ಮುಕ್ಕಳಿಸುವ ದ್ರವ ಸಾಕಾಗುತ್ತದೆ. ಉಗುರು ಕತ್ತರಿಸುವುದು, ಕ್ಷೌರ ಎರಡೂ ಶುಕ್ರವಾರದ ಕೆಲಸಗಳು. ಕೂದಲು ಕೀಳುವಂಥ ಬಾಚಣಿಗೆಯೂ ಆಗದು. ಟವೆಲ್ಲಿನಿಂದ ಮೈ ಒರೆಸಿಕೊಳ್ಳಬಹುದು, ಹಿಂಡುವಂತಿಲ್ಲ, ಆದ್ದರಿಂದ ಎರಡು ಮೂರು ಹೆಚ್ಚಿಗೆ ಇಡಿ.

ಮೇ ತಿಂಗಳ ಮುಂಬೈ ಸೆಕೆಯಲ್ಲಿ ತಣ್ಣೀರ ಸ್ನಾನದ ಪ್ರಶ್ನೆ ಬಂದೇ ಬರುತ್ತದೆ. ಮೂಲ ನಿಯಮ ಅದನ್ನು ತಡೆಯುವುದಿಲ್ಲ. ಒದ್ದೆ ಕೂದಲು ಹಿಂಡಿಬಿಡಬಹುದೆಂಬ ಅಂಜಿಕೆಯಿಂದ ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪಿನ ಯೆಹೂದಿ) ಸಂಪ್ರದಾಯದವರು ಅದನ್ನು ಬಿಡುವ ರೂಢಿಯಿದೆ, ಆದರೆ ತೀರಾ ಬೆವರಿದಾಗ ಅವರಲ್ಲೂ ಹಲವು ಗುರುಗಳು ಒಪ್ಪುತ್ತಾರೆ. ಇನ್ನು ಜೀವಕ್ಕೆ ಅಪಾಯವೆನಿಸಿದರೆ ಈ ಯಾವ ನಿರ್ಬಂಧವೂ ಉಳಿಯದು. ಆಗ ಅವರನ್ನು ಕೇಳುತ್ತ ನಿಲ್ಲದೆ ಆಂಬುಲೆನ್ಸ್ ಕರೆಯಿರಿ. ಶನಿವಾರ ಸಂಜೆ ಕತ್ತಲಾಗಿ, ಸಬ್ಬತ್ ಮುಗಿಯಿತೆಂದು ಅತಿಥಿಯೇ ಹೇಳಿದ ಮೇಲೆ ಗೀಸರ್ ಹಾಕಬಹುದು.