ಸೀನಿಯರ್‌ನಿಂದ ಲೀಡ್‌ಗೆ: ಬೆಂಗಳೂರಿನ ಮಹಿಳಾ ಇಂಜಿನಿಯರುಗಳಿಗೆ ಒಂದು ವರ್ಷದ ತಯಾರಿ

ನಿಮ್ಮ ಪ್ರಮೋಷನ್ ತೀರ್ಮಾನವಾಗುವ ಮೀಟಿಂಗಿಗೆ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಬೆಂಗಳೂರಿನ ಅನೇಕ ಐಟಿ ಕಂಪನಿಗಳಲ್ಲಿ ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಏಳೆಂಟು ಮ್ಯಾನೇಜರುಗಳು, ಅವರ ಮೇಲಿನ ಡೈರೆಕ್ಟರು, ಎಚ್‌ಆರ್‌ನಿಂದ ಒಬ್ಬರು ಕೂತು ತಮ್ಮ ತಮ್ಮ ತಂಡದವರ ಹೆಸರು ಮುಂದಿಟ್ಟು ವಾದ ಮಾಡುತ್ತಾರೆ. ಒಂದು ಹೆಸರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ನಿಮ್ಮ ಮ್ಯಾನೇಜರ್ ಏನು ಓದಿ ಹೇಳುತ್ತಾರೆ, ನಿಮ್ಮ ಹೆಸರು ಕೇಳಿದ ಬೇರೆ ತಂಡದವರು "ಹೌದು, ಅವರ ಕೆಲಸ ನಾನೂ ನೋಡಿದ್ದೀನಿ" ಅನ್ನುತ್ತಾರೋ ಸುಮ್ಮನಿರುತ್ತಾರೋ, ಇವೆರಡರ ಮೇಲೆ ಬಹಳಷ್ಟು ನಿಂತಿರುತ್ತದೆ. ವರ್ಷಗಟ್ಟಲೆ ಚೆನ್ನಾಗಿ ದುಡಿದ ಹೆಣ್ಣುಮಕ್ಕಳ ಹೆಸರು ಪದೇ ಪದೇ ಬಿಟ್ಟುಹೋಗುವುದು ಇಲ್ಲಿಯೇ. ಆದ್ದರಿಂದ ತಯಾರಿಯನ್ನು ಆ ಮೀಟಿಂಗಿನಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

ನಿಮ್ಮ ಕಂಪನಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ ಲೆಕ್ಕ ಹಾಕುತ್ತದೋ, ಜನವರಿಯಿಂದ ಡಿಸೆಂಬರ್‌ವರೆಗೋ ಮೊದಲು ತಿಳಿದುಕೊಳ್ಳಿ. ಕ್ಯಾಲಿಬ್ರೇಷನ್ ಯಾವ ವಾರ ಎಂದು ಎಚ್‌ಆರ್‌ ಹತ್ತಿರ ಕೇಳಿದರೆ ಹೇಳುತ್ತಾರೆ, ಅದರಲ್ಲಿ ಗುಟ್ಟೇನಿಲ್ಲ. ಆ ವಾರದಿಂದ 9 ತಿಂಗಳು ಹಿಂದೆ ಹೋಗಿ. ಕೆಲಸ ಶುರುವಾಗಬೇಕಾದ ದಿನ ಅದು. ಅಪ್ರೈಸಲ್ ಫಾರ್ಮ್ ಕೈಗೆ ಬಂದಾಗ ಹೊರಟರೆ ಬಸ್ಸು ಹೋಗಿ ತುಂಬಾ ಹೊತ್ತಾಗಿರುತ್ತದೆ.

ಯಾವ ಲೀಡ್?

ಚಂದ್ರಯಾನ-2 ಹಾರಿದಾಗ, 2019ರಲ್ಲಿ, ಎಂ. ವನಿತಾ ಯೋಜನಾ ನಿರ್ದೇಶಕಿಯಾಗಿದ್ದರು, ರಿತು ಕರಿಧಾಲ್ ಮಿಷನ್ ನಿರ್ದೇಶಕಿಯಾಗಿದ್ದರು. ಒಂದೇ ಯೋಜನೆ, ಇಬ್ಬರು ನಾಯಕಿಯರು, ಹೊಣೆ ಮಾತ್ರ ಬೇರೆ ಬೇರೆ. ನೌಕೆಯನ್ನು ಕಟ್ಟಿ ಸಿದ್ಧಪಡಿಸುವುದು ಒಂದು ಹೊಣೆ, ಅದನ್ನು ಹಾದಿಯಲ್ಲಿ ನಡೆಸುವುದು ಇನ್ನೊಂದು. ಸಾಫ್ಟ್‌ವೇರ್ ಕಂಪನಿಯಲ್ಲೂ ಹೀಗೆಯೇ ಎರಡು ದಾರಿ ಇವೆ. ಜನರನ್ನು ನಡೆಸುವ ಇಂಜಿನಿಯರಿಂಗ್ ಮ್ಯಾನೇಜರ್ ದಾರಿ ಒಂದು, ತಂಡಗಳಾಚೆ ತಾಂತ್ರಿಕ ತೀರ್ಮಾನಗಳನ್ನು ಹೊರುವ ಸ್ಟಾಫ್ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ದಾರಿ ಇನ್ನೊಂದು. "ಅವರು ಜನರ ಜೊತೆ ಚೆನ್ನಾಗಿ ಹೊಂದಿಕೊಳ್ತಾರೆ" ಎಂದು ಹೇಳಿ ಹೆಣ್ಣುಮಕ್ಕಳನ್ನು ಮೊದಲ ದಾರಿಗೆ, ಅದರಲ್ಲೂ ಕೆಲಸಗಳ ವೇಳಾಪಟ್ಟಿ, ಹೊಂದಾಣಿಕೆ ನೋಡಿಕೊಳ್ಳುವ ಪ್ರೋಗ್ರಾಂ ಮ್ಯಾನೇಜ್‌ಮೆಂಟಿಗೆ ತಳ್ಳುವ ರೂಢಿ ಬಲವಾಗಿದೆ. ಅದು ನಿಮಗೆ ಇಷ್ಟವಿದ್ದರೆ ಸರಿ. ಇಷ್ಟವಿಲ್ಲದೆ ಹೋದವರು ಎರಡು ವರ್ಷದ ನಂತರ ಕೋಡ್‌ಗೆ ಮರಳಲು ಬಹಳ ಕಷ್ಟಪಡುತ್ತಾರೆ. ಯಾವ ಹುದ್ದೆಯವರಿಂದ ಏನು ನಿರೀಕ್ಷೆ ಎಂದು ಬರೆದಿರುವ ಕಂಪನಿಯ ಲೆವೆಲ್ ಗೈಡ್ ತೆಗೆದು ನಿಮ್ಮ ಮುಂದಿನ ಮೆಟ್ಟಿಲಿನ ಪ್ರತಿ ಸಾಲಿನ ಎದುರು "ಮಾಡಿದ್ದೇನೆ, ಸಾಕ್ಷಿ ಇದೆ", "ಮಾಡಿದ್ದೇನೆ, ಸಾಕ್ಷಿ ಇಲ್ಲ", "ಮಾಡಿಲ್ಲ" ಎಂದು ಬರೆಯಿರಿ. ಎರಡನೇ ಗುಂಪು ಎಷ್ಟು ಉದ್ದವಿದೆ ನೋಡಿ. ಹೆಚ್ಚಿನವರಿಗೆ ಅದೇ ದೊಡ್ಡದು.

ಶುಕ್ರವಾರದ 15 ನಿಮಿಷ

ಆ ಸಾಕ್ಷಿ ಕೂಡಿಡಲು ವಾರಕ್ಕೊಮ್ಮೆ ನಾಲ್ಕು ಸಾಲು ಬರೆದರೆ ಸಾಕು. ಸಮಸ್ಯೆ ಏನಿತ್ತು, ನಾನು ಏನು ತೀರ್ಮಾನಿಸಿದೆ, ಏನು ಬದಲಾಯಿತು, ಅದನ್ನು ಕಂಡವರು ಯಾರು. ಶುಕ್ರವಾರ ಮಧ್ಯಾಹ್ನ ಕ್ಯಾಲೆಂಡರಿನಲ್ಲಿ 15 ನಿಮಿಷ ಕಟ್ಟಿಡಿ. ಸೋಮವಾರಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತದೆ.

ನಮ್ಮ ಮಾತಿನ ಒಂದು ಗುಣ ಇಲ್ಲಿ ಅಡ್ಡ ಬರುತ್ತದೆ. "ಕೆಲಸ ಆಯ್ತು ಸರ್" ಅನ್ನುತ್ತೇವೆ. ಮಾಡಿದ್ದು ಯಾರು ಎಂಬುದು "ಆಯ್ತು" ಒಳಗೆ ಕರಗಿಹೋಗುತ್ತದೆ. ಇಲ್ಲವೇ "ನಾವು ಮಾಡಿದ್ವಿ" ಅನ್ನುತ್ತೇವೆ. ಮನೆಯಲ್ಲಿ ಇದು ಸೌಜನ್ಯ. ಅಪ್ರೈಸಲ್‌ನಲ್ಲಿ ಇದೇ ನಿಮ್ಮ ಹೆಸರನ್ನು ಅಳಿಸುತ್ತದೆ. ಇಂಗ್ಲಿಷಿನಲ್ಲಿ ಫಾರ್ಮ್ ತುಂಬುವಾಗಲೂ ಅಭ್ಯಾಸ ಬೆನ್ನು ಬಿಡುವುದಿಲ್ಲ.

ಒಂದು ಮಾದರಿ ನೋಡಿ. "ಪೇಮೆಂಟ್ ಸರ್ವಿಸ್‌ನ ವೇಗ ಹೆಚ್ಚಿಸುವುದಕ್ಕೆ ನೆರವಾದೆ" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದೇ ಕೆಲಸವನ್ನು ಹೀಗೆ ಬರೆಯಬಹುದು: "ಪೇಮೆಂಟ್ ಸರ್ವಿಸ್ ಉತ್ತರಿಸಲು 900 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಈಗ 340. ಹೊಸ ಕ್ಯಾಶ್ ಮೆಮೊರಿ (cache) ಹಾಕಬೇಕೆಂಬ ಸಲಹೆ ಇತ್ತು. ತೊಂದರೆ ಇರುವುದು ಡೇಟಾಬೇಸ್ ಇಂಡೆಕ್ಸ್‌ನಲ್ಲಿ ಎಂದು ನಾನು ಅಳೆದು ತೋರಿಸಿ, ಮೂರು ತಂಡಗಳನ್ನು ಒಪ್ಪಿಸಿದೆ. ಬದಲಾವಣೆಯನ್ನು ಇಬ್ಬರು ಜೂನಿಯರುಗಳ ಕೈಯಲ್ಲಿ ಮಾಡಿಸಿದೆ." ಇಲ್ಲಿ ಅಂಕಿಗಿಂತ ತೂಕದ್ದು "ಒಪ್ಪಿಸಿದೆ", "ಮಾಡಿಸಿದೆ" ಎಂಬ ಎರಡು ಪದ. ಸೀನಿಯರ್ ಮಾಡುತ್ತಾಳೆ, ಲೀಡ್ ಮಾಡಿಸುತ್ತಾಳೆ. ನಿಮ್ಮ ಪುಟಗಳಲ್ಲಿ "ಮಾಡಿಸಿದೆ" ಎಲ್ಲೂ ಇಲ್ಲದಿದ್ದರೆ ಮುಂದಿನ ತ್ರೈಮಾಸಿಕದಲ್ಲಿ ಅದಕ್ಕೆ ಅವಕಾಶ ಹುಡುಕಬೇಕು.

ತಂಡದ ಮನೆವಾರ್ತೆ

ಮೀಟಿಂಗ್ ಟಿಪ್ಪಣಿ ಬರೆಯುವುದು, ಹೊಸಬರಿಗೆ ಲ್ಯಾಪ್‌ಟಾಪ್ ಸೆಟಪ್ ಹೇಳಿಕೊಡುವುದು, ಆಯುಧಪೂಜೆಗೆ ಅಲಂಕಾರ, ಬರ್ತ್‌ಡೇ ಕೇಕು, ಟಿಕೆಟ್ (ಒಬ್ಬೊಬ್ಬರ ಹೆಸರಿಗೆ ನಮೂದಾದ ಕೆಲಸ) ಅಪ್‌ಡೇಟ್ ಮಾಡದವರ ಬೆನ್ನು ಹತ್ತುವುದು. ಇವಿಲ್ಲದೆ ತಂಡ ನಡೆಯುವುದಿಲ್ಲ, ಆದರೆ ಇವು ಲೆವೆಲ್ ಗೈಡ್‌ನಲ್ಲಿ ಎಲ್ಲೂ ಇಲ್ಲ. ಎರಡು ವಾರ ಗಂಟೆ ಲೆಕ್ಕ ಬರೆದಿಡಿ. ವಾರಕ್ಕೆ 5 ಗಂಟೆ ದಾಟಿದರೆ, ತಿಂಗಳಿಗೆ ಎರಡೂವರೆ ದಿನ ಇದಕ್ಕೇ ಹೋಯಿತು ಎಂದರ್ಥ.

ಒಮ್ಮೆಲೇ "ಮಾಡಲ್ಲ" ಎಂದರೆ ಕೆಟ್ಟ ಹೆಸರು ಬರುತ್ತದೆ, ಅದೂ ಹೆಣ್ಣುಮಕ್ಕಳಿಗೆ ಬೇಗ ಬರುತ್ತದೆ. "ಇವತ್ತು ನಾನು ಬರೀತೀನಿ, ಮುಂದಿನ ವಾರದಿಂದ ಸರದಿ ಹಾಕೋಣ" ಎಂದು ಹೇಳಿ, ಮೀಟಿಂಗ್ ಮುಗಿಯುವ ಮೊದಲೇ ಅಕ್ಷರಮಾಲೆಯ ಕ್ರಮದಲ್ಲಿ ಎಲ್ಲರ ಹೆಸರನ್ನೂ ಇನ್ವೈಟ್‌ನಲ್ಲಿ ಹಾಕಿಬಿಡಿ. ಬರಹದಲ್ಲಿರುವ ಸರದಿಯನ್ನು ಮುರಿಯಲು ಎಲ್ಲರಿಗೂ ಮುಜುಗರ. ಹೊಸಬರಿಗೆ ಕಲಿಸುವ ಕೆಲಸವನ್ನು ಮಾತ್ರ ಬಿಡಬೇಡಿ, ಅದರ ರೂಪ ಬದಲಿಸಿ. ಒಂದು ಆನ್‌ಬೋರ್ಡಿಂಗ್ ಡಾಕ್ಯುಮೆಂಟ್ ಮಾಡಿ, ಹೊಸಬರ ಮೊದಲ ಕೋಡ್ ಒಳಗೆ ಹೋಗಲು ಮೊದಲು ಎಷ್ಟು ದಿನ ಆಗುತ್ತಿತ್ತು, ಈಗ ಎಷ್ಟು ಎಂದು ಅಳೆದರೆ ಅದೇ ನಾಯಕತ್ವದ ಸಾಕ್ಷಿ.

ಮ್ಯಾನೇಜರ್ ಹತ್ತಿರ ಮಾತು

ನಿಮಗೆ ಲೀಡ್ ಆಗಬೇಕೆಂಬ ಆಸೆ ಇದೆ ಎಂದು ಮ್ಯಾನೇಜರಿಗೆ ತಾನಾಗಿ ಗೊತ್ತಾಗುವುದಿಲ್ಲ. ನೀವಿಬ್ಬರೇ ಕೂತು ಮಾತಾಡುವ ಒನ್-ಆನ್-ಒನ್‌ನಲ್ಲಿ ಸುತ್ತು ಬಳಸದೆ ಹೇಳಿ: "ಬರೋ ಅಪ್ರೈಸಲ್ ಸೈಕಲ್‌ನಲ್ಲಿ ಲೀಡ್ ರೋಲ್‌ಗೆ ನನ್ನ ಹೆಸರು ಹೋಗಬೇಕು ಅಂತಿದ್ದೀನಿ. ಇವತ್ತೇ ಕ್ಯಾಲಿಬ್ರೇಷನ್ ಇದ್ದಿದ್ರೆ ನನ್ನ ವಿಷಯದಲ್ಲಿ ಯಾರು ಏನು ಆಕ್ಷೇಪ ಎತ್ತುತ್ತಿದ್ದರು?" ಈ ಎರಡನೇ ಪ್ರಶ್ನೆ ಮುಖ್ಯ. "ನನ್ನಲ್ಲಿ ಏನು ಕೊರತೆ" ಎಂದು ಕೇಳಿದರೆ "ಏನಿಲ್ಲ, ಚೆನ್ನಾಗಿ ಮಾಡ್ತಿದ್ದೀರ" ಎಂಬ ಉತ್ತರ ಬರುತ್ತದೆ. ಬೇರೆಯವರ ಆಕ್ಷೇಪ ಕೇಳಿದರೆ ನಿಜ ಹೊರಬೀಳುತ್ತದೆ.

"ನೋಡೋಣ" ಎಂದರೆ ಅದನ್ನು ಉತ್ತರ ಎಂದುಕೊಳ್ಳಬೇಡಿ. "ಯಾವ ಎರಡು ಕೆಲಸ ಮಾಡಿ ತೋರಿಸಿದರೆ ನೀವು ಧೈರ್ಯವಾಗಿ ನನ್ನ ಪರ ಮಾತಾಡ್ತೀರಿ?" ಎಂದು ಕೇಳಿ, ಅದೇ ಸಂಜೆ ನಾಲ್ಕು ಸಾಲಿನ ಮೇಲ್ ಕಳಿಸಿ. ಮ್ಯಾನೇಜರ್ ನಡುವೆ ಬದಲಾಗುವುದು ನಮ್ಮೂರಲ್ಲಿ ಸಾಮಾನ್ಯ. ಮೇಲ್ ಇದ್ದರೆ ಹೊಸಬರೊಡನೆ ಮೊದಲಿಂದ ಶುರು ಮಾಡಬೇಕಿಲ್ಲ.

ಇನ್ನು ನಿಮ್ಮ ಪರ ಮಾತಾಡುವ ಬೇರೆಯವರು. ಮೆಂಟರ್ ನಿಮ್ಮ ಜೊತೆ ಮಾತಾಡುತ್ತಾರೆ, ಸ್ಪಾನ್ಸರ್ ನೀವಿಲ್ಲದ ಕಡೆ ನಿಮ್ಮ ಬಗ್ಗೆ ಮಾತಾಡುತ್ತಾರೆ. ಹೆಣ್ಣುಮಕ್ಕಳಿಗೆ ಮೆಂಟರುಗಳು ಬೇಕಾದಷ್ಟು ಸಿಗುತ್ತಾರೆ, ಸ್ಪಾನ್ಸರ್ ಸಿಗುವುದಿಲ್ಲ. "ನನ್ನ ಸ್ಪಾನ್ಸರ್ ಆಗಿ" ಎಂದು ಕೇಳಿದರೆ ಆಗುವ ಕೆಲಸವೂ ಅಲ್ಲ. ಕ್ಯಾಲಿಬ್ರೇಷನ್‌ನಲ್ಲಿ ಕೂರುವ ಇನ್ನಿಬ್ಬರು ಮ್ಯಾನೇಜರುಗಳ ತಂಡಕ್ಕೆ ಲಾಭವಾಗುವಂಥ ಕೆಲಸ ಕೈಗೆತ್ತಿಕೊಳ್ಳಿ. ಅವರ ಡಿಸೈನ್ ರಿವ್ಯೂಗೆ ಹೋಗಿ, ಪ್ರೊಡಕ್ಷನ್ (ಗ್ರಾಹಕರು ಬಳಸುವ ವ್ಯವಸ್ಥೆ) ಬಿದ್ದ ದಿನ ಅದನ್ನು ಸರಿಪಡಿಸುವ ಕೆಲಸ ಮುನ್ನಡೆಸುವ ಜವಾಬ್ದಾರಿ ಹೊತ್ತು ಮರುದಿನ ವರದಿಯನ್ನು ನಿಮ್ಮ ಹೆಸರಲ್ಲೇ ಕಳಿಸಿ. ಮೀಟಿಂಗಿನ ತೀರ್ಮಾನ ಮೀಟಿಂಗ್ ಮುಗಿದ ಮೇಲೆ ಟೀ ಅಂಗಡಿ ಹತ್ತಿರ ಬದಲಾಗುವುದುಂಟು. ಹಾಗಾಗಿ ಆ ಹತ್ತು ನಿಮಿಷದ ಟೀಗೆ ನೀವೂ ಹೋಗಿ. ಕುಡಿಯದಿದ್ದರೂ ಸರಿ, ಸೀಟಿಗೆ ವಾಪಸ್ ಓಡಬೇಡಿ.

ಮೀಟಿಂಗಿನಲ್ಲಿ ನೀವು ಹೇಳಿದ್ದನ್ನೇ ಇನ್ನೊಬ್ಬರು ಹೇಳಿ ಹೆಸರು ತೆಗೆದುಕೊಳ್ಳುತ್ತಾರೆಯೇ? ಹಿಂದಿನ ದಿನವೇ ಎರಡು ಪುಟದ ಡಾಕ್ಯುಮೆಂಟ್ ಕಳಿಸಿಡಿ. "ಹೌದು, ಎರಡನೇ ಪುಟದಲ್ಲಿ ಅದನ್ನೇ ಬರೆದಿದ್ದೀನಿ, ತೆಗೀರಿ" ಎಂದರೆ ಜಗಳವಿಲ್ಲದೆ ಮುಗಿಯುತ್ತದೆ.

ರಾತ್ರಿ ಕಾಲ್

ಮೇಲಧಿಕಾರಿಗಳು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರೆ ಬೇಸಿಗೆಯಲ್ಲಿ ನಮಗೂ ಅವರಿಗೂ ಹನ್ನೆರಡೂವರೆ ಗಂಟೆ ಅಂತರ. ಅವರ ಬೆಳಿಗ್ಗೆ 7:30 ಎಂದರೆ ನಮ್ಮ ರಾತ್ರಿ 8. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಅದೇ ಕಾಲ್ ರಾತ್ರಿ 9ಕ್ಕೆ ಜಾರುತ್ತದೆ. ಔಟರ್ ರಿಂಗ್ ರೋಡ್ ದಾಟಿ ಮನೆ ಸೇರಿ, ಮಕ್ಕಳಿಗೆ ಊಟ ಹಾಕುವ ಹೊತ್ತಿಗೆ ಸರಿಯಾಗಿ ತೀರ್ಮಾನದ ಮೀಟಿಂಗ್. "ನನಗೆ ಆಗಲ್ಲ" ಎಂದು ಪೂರ್ತಿ ಕೈಬಿಟ್ಟವರ ಮುಖ ಅಲ್ಲಿಯವರಿಗೆ ಮರೆತೇ ಹೋಗುತ್ತದೆ, ಎಲ್ಲಕ್ಕೂ ಹಾಜರಾದವರು ಆರು ತಿಂಗಳಲ್ಲಿ ಬಸವಳಿಯುತ್ತಾರೆ. ವಾರದ ಕಾಲ್‌ಗಳಲ್ಲಿ ತೀರ್ಮಾನ ಆಗುವಂಥವು ಯಾವುವು, ಬರೀ ಸ್ಟೇಟಸ್ ಯಾವುವು ಎಂದು ವಿಂಗಡಿಸಿ. ಸ್ಟೇಟಸ್ ಕಾಲ್‌ಗೆ ಬರಹದಲ್ಲಿ ಅಪ್‌ಡೇಟ್ ಕಳಿಸಿ. ತೀರ್ಮಾನದ್ದಕ್ಕೆ ತಪ್ಪದೆ ಹಾಜರಾಗಿ, ಮತ್ತು ಒಂದು ವಾರ ನಮ್ಮ ಬೆಳಿಗ್ಗೆ, ಒಂದು ವಾರ ಅವರ ಬೆಳಿಗ್ಗೆ ಎಂದು ಸಮಯ ಅದಲು ಬದಲು ಮಾಡಲು ಕೇಳಿ. ಮನೆಯಲ್ಲಿ ಆ ದಿನಗಳ ಅಡುಗೆ, ಮಕ್ಕಳ ಹೋಮ್‌ವರ್ಕ್ ಯಾರದ್ದು ಎಂಬುದೂ ಅದೇ ಕ್ಯಾಲೆಂಡರಿನಲ್ಲಿ ಇರಲಿ.

ಹೆರಿಗೆ ರಜೆ ನಡುವೆ ಬಂದರೆ

ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ರಜೆಯಲ್ಲಿರುವಾಗ ನಿಮಗೆ ನಷ್ಟವಾಗುವಂತೆ ಸೇವಾ ಷರತ್ತು ಬದಲಿಸುವುದು ಕಾನೂನಿಗೆ ವಿರುದ್ಧ. 50 ಅಥವಾ ಹೆಚ್ಚು ಜನರಿರುವ ಸಂಸ್ಥೆ ಕೂಸಿನ ಮನೆಯ ವ್ಯವಸ್ಥೆ ಮಾಡಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು.

ಕಾನೂನು ಇಷ್ಟು ಕಾಯುತ್ತದೆ, ರೇಟಿಂಗನ್ನು ಕಾಯುವುದು ನಿಮ್ಮ ಕೈಯಲ್ಲಿದೆ. ರಜೆಗೆ ಹೊರಡುವ ಮೊದಲೇ ಸೆಲ್ಫ್ ರಿವ್ಯೂ ಬರೆದು ಸಲ್ಲಿಸಿ. ಇಲ್ಲದಿದ್ದರೆ ಕ್ಯಾಲಿಬ್ರೇಷನ್ ಹೊತ್ತಿಗೆ ನಿಮ್ಮ ಪುಟ ಖಾಲಿ. ಕೆಲಸ ಮಾಡಿದ ತಿಂಗಳುಗಳ ಮೇಲೆ ಮಾತ್ರ ರೇಟಿಂಗ್ ಎಂಬುದನ್ನು ಮೇಲ್‌ನಲ್ಲಿ ಪಡೆಯಿರಿ. ಮರಳಿ ಬಂದ ಮೇಲೆ ಎದುರಾಗುವ ದೊಡ್ಡ ಅಡ್ಡಿ ಕನಿಕರ. "ಪಾಪ, ಮಗು ಚಿಕ್ಕದು" ಎಂದು ನಿಮ್ಮನ್ನು ಕೇಳದೆಯೇ ಹಗುರ ಕೆಲಸ ಕೊಟ್ಟು, ವರ್ಷದ ಕೊನೆಗೆ "ಈ ಸಲ ದೊಡ್ಡದೇನೂ ಮಾಡಿಲ್ಲವಲ್ಲ" ಅನ್ನುತ್ತಾರೆ. ಮೊದಲ ವಾರವೇ ಹೇಳಿಬಿಡಿ: "ಗಂಟೆ ಕಡಿಮೆ ಇರಬಹುದು, ಆದರೆ ಕೆಲಸದ ಮಟ್ಟ ಮೊದಲಿನದ್ದೇ ಬೇಕು."

ಸಂಬಳವಿಲ್ಲದ ಪಟ್ಟ

"ಸದ್ಯಕ್ಕೆ ಆಕ್ಟಿಂಗ್ ಲೀಡ್ ಆಗಿರಿ" ಎಂದರೆ ಒಪ್ಪಬಹುದು, ಆದರೆ ಒಂದು ತ್ರೈಮಾಸಿಕಕ್ಕೆ ಮಾತ್ರ. ಎಂದು ಮುಗಿಯುತ್ತದೆ, ಯಾವುದನ್ನು ನೋಡಿ ಖಾಯಂ ಮಾಡುತ್ತಾರೆ, ಸಂಬಳ ಯಾವ ದಿನದಿಂದ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಬೇಕು. ಏರಿಕೆ ಎಷ್ಟು ಶೇಕಡಾ ಎಂದು ಕೇಳುವ ಬದಲು ಹೊಸ ಹುದ್ದೆಯ ಸಂಬಳದ ಬ್ಯಾಂಡಿನ (ಕನಿಷ್ಠದಿಂದ ಗರಿಷ್ಠದವರೆಗಿನ ವ್ಯಾಪ್ತಿ) ಮಧ್ಯದ ಮೊತ್ತ ಎಷ್ಟು, ನಾನು ಎಲ್ಲಿ ಬರುತ್ತೇನೆ ಎಂದು ಕೇಳಿ. ಹಳೆಯ ಸಂಬಳವೇ ಕಡಿಮೆ ಇದ್ದರೆ ಶೇಕಡಾವಾರು ಏರಿಕೆ ಆ ಕೊರತೆಯನ್ನೂ ಜೊತೆಗೆ ಹೊತ್ತೊಯ್ಯುತ್ತದೆ. ಎರಡು ಸೈಕಲ್ ಕಳೆದರೂ ಮೇಲ್‌ನಲ್ಲಿ ಒಪ್ಪಿದ ಕೆಲಸ ಮುಗಿಸಿಯೂ ಹೆಸರು ಬರದಿದ್ದರೆ ಹೊರಗೆ ಇಂಟರ್‌ವ್ಯೂ ಕೊಡಿ. ನೋಟಿಸ್ ಅವಧಿ 60 ಅಥವಾ 90 ದಿನ ಇರುವುದೇ ಹೆಚ್ಚು, ಬೋನಸ್ ಕೈಗೆ ಬರುವ ತಾರೀಕು ನೋಡಿಕೊಂಡು ರಾಜೀನಾಮೆ ಬರೆಯಿರಿ.

ಹುದ್ದೆ ಬಂದ ಮೇಲಿನ 90 ದಿನ

ಅದೇ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಸಹೋದ್ಯೋಗಿ ಈಗ ನಿಮ್ಮ ತಂಡದಲ್ಲಿದ್ದರೆ ಮೊದಲ ವಾರವೇ ಒಬ್ಬರನ್ನೇ ಕೂರಿಸಿ ಮಾತಾಡಿ. "ನಿಮಗೂ ಈ ರೋಲ್ ಬೇಕಿತ್ತು ಅಂತ ಗೊತ್ತು. ನಿಮ್ಮ ಮುಂದಿನ ಹೆಜ್ಜೆಗೆ ನನ್ನಿಂದ ಏನು ಬೇಕು ಹೇಳಿ." ತಡ ಮಾಡಿದಷ್ಟೂ ಇದು ಕಷ್ಟ. ಆರು ಜನರ ತಂಡಕ್ಕೆ ವಾರಕ್ಕೆ ಅರ್ಧ ಗಂಟೆಯಂತೆ ಮೂರು ಗಂಟೆ ಒನ್-ಆನ್-ಒನ್‌ಗೆ ಹೋಗುತ್ತದೆ. ಅದನ್ನು ರದ್ದು ಮಾಡುವ ಅಭ್ಯಾಸ ಬೇಡ.

ಹೊಸ ಲೀಡ್‌ಗಳು ಹೆಚ್ಚು ಎಡವುವುದು ಕೆಲಸ ಬಿಟ್ಟುಕೊಡುವುದರಲ್ಲಿ. ಹಗಲು ಜೂನಿಯರಿಗೆ ಕೊಟ್ಟ ಕೋಡನ್ನು ರಾತ್ರಿ ತಾವೇ ತಿದ್ದಿಬಿಡುತ್ತಾರೆ. ಆ ಹುಡುಗ ಕಲಿಯುವುದಿಲ್ಲ, ನೀವು ಮಲಗುವುದಿಲ್ಲ. ಕೆಲಸ ಒಪ್ಪಿಸುವಾಗ ಫಲ ಏನಿರಬೇಕು, ಯಾವ ದಿನಕ್ಕೆ, ಯಾವ ತೀರ್ಮಾನ ಅವನೇ ಮಾಡಬಹುದು, ಯಾವುದಕ್ಕೆ ನಿಮ್ಮನ್ನು ಕೇಳಬೇಕು ಎಂದು ಹೇಳಿ, ನಡುವೆ ಒಂದು ದಿನ ನೋಡುವುದಾಗಿ ಗೊತ್ತುಮಾಡಿ. ಗಡುವಿಗೆ ಅಡ್ಡ ಬರುವಂಥ ಟಿಕೆಟನ್ನು ನಿಮ್ಮ ಹೆಸರಲ್ಲಿ ಇಟ್ಟುಕೊಳ್ಳಬೇಡಿ.

ತಂಡದ ಹುಡುಗಿಯೊಬ್ಬಳು ಬಂದು ಲೈಂಗಿಕ ಕಿರುಕುಳದ ವಿಷಯ ಹೇಳಿದರೆ "ನಾನೇ ಅವನ ಹತ್ತಿರ ಮಾತಾಡಿ ಸರಿ ಮಾಡ್ತೀನಿ" ಅನ್ನಬೇಡಿ. ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪಿದು, ವಿಚಾರಣೆಯನ್ನೇ ಕೆಡಿಸುತ್ತದೆ. 2013ರ ಕಾನೂನಿನಂತೆ 10 ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದ್ದು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅವಳ ಮಾತನ್ನು ಪೂರ್ತಿ ಕೇಳಿ, ಸಮಿತಿಯವರ ಹೆಸರು ಕೊಡಿ, ಬರೆಯಲು ನೆರವು ಬೇಕೆಂದರೆ ಜೊತೆಗೆ ಕೂರಿ, ವಿಷಯ ಬೇರೆ ಯಾರ ಕಿವಿಗೂ ಬೀಳದಂತೆ ನೋಡಿಕೊಳ್ಳಿ. ಸಮಿತಿಯ ಸದಸ್ಯರು ಯಾರು ಎಂಬುದನ್ನು ಹುದ್ದೆಗೆ ಬಂದ ಮೊದಲ ವಾರವೇ ಬರೆದಿಟ್ಟುಕೊಂಡಿರಿ.