ಎಲ್ಕ್ ಬೇಟೆಗೆ ಯಾವ ತೋಟಾ?

ಅಮೆರಿಕದ ಕೊಲರಾಡೋದಲ್ಲಿರುವ ಅಕ್ಕನ ಮಗ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಲೈಸೆನ್ಸ್ ತೆಗೆದುಕೊಂಡಿದ್ದಾನೆ. ತುಮಕೂರಿನಲ್ಲಿರುವ ಅವನ ಮಾವ ನಾನು, ಸೇನೆಯಲ್ಲಿದ್ದವನು ಅಲ್ವಾ, ತೋಟಾ ಯಾವುದು ಅಂತ ನನ್ನನ್ನೇ ಕೇಳಿದ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ತಡೆದಿದೆ, ಅದು ಸರಿಯೇ. ಅವನಿಗೆ ಹೇಳಿದ್ದು ಇಷ್ಟು.

ಮೊದಲು ಪ್ರಾಣಿಯ ತೂಕ ನೋಡಪ್ಪ. ಬಲಿತ ಗಂಡು ಎಲ್ಕ್ 300 ಕಿಲೋ ಆಸುಪಾಸು ಇರುತ್ತದೆ. ಅಲ್ಲಿನ ನಿಯಮದಂತೆ ತೋಟಾದಿಂದ ಹಾರುವ ಗುಂಡು ಕನಿಷ್ಠ 85 ಗ್ರೇನ್, ಅಂದರೆ ಸುಮಾರು 5.5 ಗ್ರಾಂ ತೂಕ ಇರಬೇಕು. ಅಷ್ಟಕ್ಕೇ ನಿಲ್ಲಬೇಡ. .30-06 ಎಂಬ ರೈಫಲ್ ತೋಟಾದಲ್ಲಿ 180 ಗ್ರೇನ್, ಅಂದರೆ ಸುಮಾರು 11.7 ಗ್ರಾಂ ಗುಂಡು ತಗೋ. 1906ರಿಂದ ಬಳಕೆಯಲ್ಲಿದೆ, ಸುಲಭವಾಗಿ ಸಿಗುತ್ತದೆ. ಗುಂಡಿನ ಮೊನೆ ಒಳಹೊಕ್ಕು ಅರಳಬೇಕು, ಆದರೆ ಚೂರಾಗಬಾರದು. ಮ್ಯಾಗ್ನಂ, ಅಂದರೆ ಇನ್ನೂ ಜೋರಿನ ತೋಟಾ, ಸುಮ್ನೆ ಬೇಡ. ಅದರ ಒದೆತ ಜಾಸ್ತಿ. ಹೆದರಿ ಕಣ್ಣು ಮುಚ್ಚಿದರೆ ಗುರಿ ತಪ್ಪಿ, ಪ್ರಾಣಿ ಗಾಯಗೊಂಡು ನರಳುತ್ತದೆ.