ಹೆದರಿದ ಜರ್ಬಿಲ್ ಎತ್ತೋಕೆ ರಟ್ಟಿನ ಕೊಳವೆ

ಬೇರೆಯವರ ಮನೆಯಿಂದಲೋ ರಕ್ಷಣಾ ಕೇಂದ್ರದಿಂದಲೋ ಬಂದ ಜರ್ಬಿಲ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಕೈ ಕಂಡರೆ ಓಡಿಹೋಗುತ್ತಿದ್ದರೆ, ಅದನ್ನು ಹಿಡಿಯೋಕೆ ಹೋಗಬೇಡಿ. ಟಿಶ್ಯೂ ರೋಲ್ ಒಳಗಿನ ರಟ್ಟಿನ ಕೊಳವೆಯನ್ನು ಪಂಜರದಲ್ಲಿ ಎರಡು ದಿನ ಸುಮ್ನೆ ಬಿಟ್ಟಿಡಿ, ಆಮೇಲೆ ಅದು ತಾನಾಗಿ ಒಳಗೆ ನುಗ್ಗಿದಾಗ ಎರಡೂ ತುದಿಗೆ ಅಂಗೈ ಅಡ್ಡ ಹಿಡಿದು ಮೆಲ್ಲಗೆ ಎತ್ತಿ. ಜರ್ಬಿಲ್‌ಗಳು ಬಿಲ ತೋಡಿ ಬದುಕುವ ಜೀವಿಗಳು, ಮೇಲಿಂದ ಇಳಿದು ಬರುವ ಕೈ ಅವಕ್ಕೆ ಹದ್ದಿನ ಹಾಗೆ. ತನ್ನದೇ ವಾಸನೆ ಹತ್ತಿದ ಕತ್ತಲೆ ಸುರಂಗ ಮಾತ್ರ ಸುರಕ್ಷಿತ ಜಾಗ. ಬಾಲ ಹಿಡಿದು ಎತ್ತೋದಂತೂ ಬೇಡವೇ ಬೇಡ, ಚರ್ಮ ಸುಲಿದು ಕೈಗೆ ಬರಬಹುದು, ಮತ್ತೆ ಬೆಳೆಯೋದಿಲ್ಲ. ಕೊಳವೆಯನ್ನು ಕಡಿದು ಚೂರು ಮಾಡುತ್ತವೆ, ಮಾಡಲಿ ಬಿಡಿ, ಹಲ್ಲಿಗೂ ಒಳ್ಳೆಯದು, ಹೊಸದು ಹಾಕಿದರಾಯಿತು. ದಪ್ಪಗಿರುವ ಗಂಡುಗಳಿಗೆ ಇದು ಬಿಗಿಯಾಗಬಹುದು, ಅಂಥವಕ್ಕೆ ಅಗಲ ಬಾಯಿಯ ಮಗ್ ಅಡ್ಡ ಮಲಗಿಸಿಡಿ. ಹಿಂಗಾಲಿನಿಂದ ನೆಲಕ್ಕೆ ಟಪಟಪ ಬಡಿಯುತ್ತಿದ್ದರೆ ಗಾಬರಿಯಾಗಿದೆ ಅಂತ, ಆವತ್ತು ಬಿಟ್ಟುಬಿಡಿ. ಕೆಲವು ಜರ್ಬಿಲ್‌ಗಳಿಗೆ ಹೊಸ ಜಾಗ, ಹೊಸ ಕೈ ಅಂದರೆ ಫಿಟ್ಸ್ ಕೂಡ ಬರುತ್ತದೆ. ಬಂದರೆ ಮುಟ್ಟದೆ ಪಂಜರದೊಳಗೆ ಬಿಟ್ಟು, ಬೆಳಕು, ಸದ್ದು ಕಡಿಮೆ ಮಾಡಿ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಪದೇ ಪದೇ ಬಂದರೆ ಪಶುವೈದ್ಯರಿಗೆ ತೋರಿಸಿ. ಇನ್ನೊಂದು, ಈ ಕೊಳವೆಯನ್ನು ಬೇರೆ ಪಂಜರದ ಜರ್ಬಿಲ್‌ಗೆ ಕೊಡಬೇಡಿ. ಪರಿಚಯವಿಲ್ಲದ ವಾಸನೆ ಬಂದರೆ ಒಳಗೆ ಹೋಗೋದಿರಲಿ, ಹತ್ತಿರ ಬರೋಕೂ ಅನುಮಾನ ಪಡಬಹುದು.